ಸತ್ತವರ ಕಲ್ಲಿನ ಮೇಲೆ ಯಾರ ಗುರುತು?



ಸಾರ್ವಜನಿಕ ಸ್ಮಾರಕಗಳಲ್ಲಿ ಧರ್ಮದ ಚಿಹ್ನೆಗಳಿರಬೇಕೇ, ಇದ್ದರೆ ಯಾರವು ಎಂಬ ವಾದವನ್ನು ಇಂದಿನ ಮಾತಿಗೆ ಎತ್ತಿಕೊಂಡಿದ್ದೇನೆ. ವಿಷಯ ದೊಡ್ಡದು. ಹಾಗಾಗಿ ಯುದ್ಧದಲ್ಲಿ ಮಡಿದವರ ಸ್ಮಾರಕಗಳಿಗಷ್ಟೇ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ. ನೂರು ವರ್ಷಗಳಿಂದ ಈ ಜಗಳ ತುಂಬ ಕಾವಿನಿಂದ ನಡೆದಿರುವುದು ಆ ಸ್ಮಾರಕಗಳ ಸುತ್ತಲೇ. ನಮ್ಮ ದೇಶದಿಂದ ಹಡಗು ಹತ್ತಿ ಹೋಗಿ ಮರಳಿ ಬಾರದ ಸಿಪಾಯಿಗಳೂ ಆ ಕಥೆಯೊಳಗೆ ಇದ್ದಾರೆ. ಅವರ ಪರವಾಗಿ ವಾದಿಸುವವರು ಆಗ ಹೆಚ್ಚು ಜನ ಇರಲಿಲ್ಲ.

ಮೊದಲು ಹತ್ತಿರದ ಕಾಲದ ಒಂದು ಮೊಕದ್ದಮೆಯನ್ನು ನೋಡೋಣ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಸಮೀಪದಲ್ಲೇ, ಮೇರಿಲ್ಯಾಂಡ್ ರಾಜ್ಯದ ಬ್ಲೇಡನ್ಸ್‌ಬರ್ಗ್ ಎಂಬ ಊರಿನ ರಸ್ತೆಕೂಡಿನಲ್ಲಿ 40 ಅಡಿ ಎತ್ತರದ ಕಾಂಕ್ರೀಟ್ ಶಿಲುಬೆ ನಿಂತಿದೆ. ಮೊದಲನೆಯ ಮಹಾಯುದ್ಧದಲ್ಲಿ ಸತ್ತ ಆ ಜಿಲ್ಲೆಯ 49 ಮಂದಿಯ ಹೆಸರು ಅದರ ಬುಡದ ಕಂಚಿನ ಫಲಕದಲ್ಲಿದೆ. ಕರಿಯರು, ಬಿಳಿಯರು ಒಂದೇ ಪಟ್ಟಿಯಲ್ಲಿದ್ದಾರೆ. ಆ ಕಾಲದ ಆ ರಾಜ್ಯದಲ್ಲಿ ಅದು ಸಣ್ಣ ಸಂಗತಿಯಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಊರಿನವರೊಡನೆ ಸೇರಿ ಚಂದಾ ಎತ್ತಿ ಕೆಲಸ ಶುರುಮಾಡಿದರು. ಹಣ ಸಾಲದೆ ನಿಂತಾಗ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ ಅದನ್ನು ವಹಿಸಿಕೊಂಡು 1925ರಲ್ಲಿ ಮುಗಿಸಿತು. 1961ರಲ್ಲಿ ಜಾಗವೂ ಶಿಲುಬೆಯೂ ಸರ್ಕಾರಿ ಪ್ರಾಧಿಕಾರವೊಂದರ ಕೈಗೆ ಬಂದವು. ಸಾರ್ವಜನಿಕರ ತೆರಿಗೆ ಹಣದಲ್ಲಿ ಒಂದು ಧರ್ಮದ ಚಿಹ್ನೆಯನ್ನು ಕಾಪಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು 2014ರಲ್ಲಿ ಅಮೆರಿಕನ್ ಹ್ಯೂಮನಿಸ್ಟ್ ಅಸೋಸಿಯೇಷನ್ ದಾವೆ ಹೂಡಿತು. ಕೆಳಗಿನ ಕೋರ್ಟು ಶಿಲುಬೆಯ ಪರವಾಗಿ ತೀರ್ಪು ಕೊಟ್ಟಿತು, ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಕೊನೆಗೆ 2019ರ ಜೂನ್ 20ರಂದು ಸುಪ್ರೀಂ ಕೋರ್ಟು 7-2ರ ಬಹುಮತದಲ್ಲಿ ಶಿಲುಬೆ ಇದ್ದಲ್ಲೇ ಇರಲಿ ಎಂದಿತು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅವರ ವಾದ ಹೀಗಿತ್ತು. ಫ್ರಾನ್ಸ್, ಬೆಲ್ಜಿಯಂಗಳ ರಣಭೂಮಿಯಲ್ಲಿ ಸಾಲುಸಾಲಾಗಿ ನೆಟ್ಟ ಮರದ ಶಿಲುಬೆಗಳ ಚಿತ್ರ ಜನರ ಮನಸ್ಸಿನಲ್ಲಿ ಉಳಿದಿತ್ತು. ಹಾಗಾಗಿ ಶಿಲುಬೆ ಆ ಮಹಾಯುದ್ಧದ ಗುರುತೇ ಆಯಿತು. ಕಾಲ ಕಳೆದಂತೆ ಒಂದು ಸ್ಮಾರಕಕ್ಕೆ ಮೊದಲಿಲ್ಲದ ಅರ್ಥಗಳು ಕೂಡಿಕೊಳ್ಳುತ್ತವೆ. ಈಗ ಅದನ್ನು ಕಿತ್ತರೆ ಅದು ತಟಸ್ಥತೆ ಎನಿಸದು, ಧರ್ಮದ ಮೇಲಿನ ಹಗೆ ಎನಿಸುತ್ತದೆ. ಭಿನ್ನಮತ ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಶಿಲುಬೆ ಕ್ರೈಸ್ತರ ಗುರುತು, ಯಾವ ಕಾಲದಲ್ಲೂ ಅದು ಎಲ್ಲರ ಗುರುತಾಗಿರಲಿಲ್ಲ. ದಾವೀದನ ನಕ್ಷತ್ರ ಕ್ರೈಸ್ತ ಸೈನಿಕರನ್ನು ಹೇಗೆ ನೆನೆಯಲಾರದೋ ಹಾಗೆಯೇ ಶಿಲುಬೆ ಬೇರೆಯವರನ್ನು ನೆನೆಯಲಾರದು ಎಂದರು. ಅಮೆರಿಕ ಯುರೋಪಿನಲ್ಲಿ ತನ್ನ ಸೈನಿಕರಿಗಾಗಿ ಕಟ್ಟಿದ ಸ್ಮಶಾನಗಳಲ್ಲೇ ಯಹೂದಿಗಳ ಗೋರಿಯ ಮೇಲೆ ನಕ್ಷತ್ರ, ಕ್ರೈಸ್ತರ ಗೋರಿಯ ಮೇಲೆ ಶಿಲುಬೆ ಇಟ್ಟಿದ್ದಾರಲ್ಲವೇ?

ಇದಕ್ಕೂ ಹತ್ತು ವರ್ಷ ಮೊದಲು, ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಶಿಲುಬೆಯ ಪ್ರಕರಣದಲ್ಲಿ ಇದೇ ಮಾತು ಇನ್ನೂ ನೇರವಾಗಿ ಬಂದಿತ್ತು. ಶಿಲುಬೆ ಸತ್ತವರ ವಿಶ್ರಾಂತಿಸ್ಥಳದ ಅತ್ಯಂತ ಸಾಮಾನ್ಯ ಗುರುತು ಎಂದು ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ವಿಚಾರಣೆಯ ನಡುವೆ ಹೇಳಿದರು. ಅದು ಕ್ರೈಸ್ತರಿಗೆ ಮಾತ್ರ ಸರಿ, ನಾನು ಎಷ್ಟೋ ಯಹೂದಿ ಸ್ಮಶಾನಗಳಿಗೆ ಹೋಗಿದ್ದೇನೆ, ಒಬ್ಬ ಯಹೂದಿಯ ಗೋರಿಯ ಮೇಲೂ ಶಿಲುಬೆ ಕಂಡಿಲ್ಲ ಎಂದು ಎದುರು ಪಕ್ಷದ ವಕೀಲರು ಉತ್ತರ ಕೊಟ್ಟರು.

ಅರ್ಥದ ಮಟ್ಟಿಗೆ ಗಿನ್ಸ್‌ಬರ್ಗ್ ಹೇಳಿದ್ದೇ ಸರಿ ಎಂದು ನನ್ನ ನಂಬಿಕೆ. ಬಹುಸಂಖ್ಯಾತರಿಗೆ ತಮ್ಮ ಚಿಹ್ನೆ ಎಲ್ಲರದ್ದೂ ಎಂದು ಕಾಣುವುದು ಸಹಜ. ಅದು ಅವರ ದುಷ್ಟತನವಲ್ಲ, ಅಭ್ಯಾಸಬಲ. ಆದರೆ ಆ ತಾಯಂದಿರು ನಿಲ್ಲಿಸಿದ್ದನ್ನು ತೊಂಬತ್ತು ವರ್ಷ ಕಳೆದ ಮೇಲೆ ಕಿತ್ತುಹಾಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸರ್ಕಾರ ಇಂದು ಹೊಸದಾಗಿ ಕಟ್ಟುವುದಾದರೆ ಹಾಗೆ ಕಟ್ಟಬಾರದು, ಹಳೆಯದು ಇರಲಿ. ಈ ನಿಲುವಿನಲ್ಲಿ ತರ್ಕದ ಬಿರುಕಿದೆ ಎಂದು ನೀವು ಹೇಳಬಹುದು. ಇದೆ. ಆದರೂ ಇದನ್ನೇ ಹೇಳುತ್ತೇನೆ.

ಈ ಮೊಕದ್ದಮೆಗೂ ನೂರು ವರ್ಷ ಮೊದಲೇ ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದ್ದಿತ್ತು. ಅಲ್ಲಿ ಸಿಕ್ಕ ಉತ್ತರ ಇಂದಿಗೂ ನಾವು ಕಲಿಯುವಷ್ಟು ಒಳ್ಳೆಯದು. ಅದರೊಳಗೇ ಇದ್ದ ಮೋಸವೂ ನಾವು ಮರೆಯಬಾರದಷ್ಟು ದೊಡ್ಡದು. ನನ್ನ ಹೆಚ್ಚಿನ ಸಮಯವನ್ನು ಅದಕ್ಕೇ ಕೊಡುತ್ತೇನೆ.

1914ರಲ್ಲಿ ರೆಡ್ ಕ್ರಾಸಿನ ಒಂದು ತುಕಡಿಯೊಡನೆ ಫ್ರಾನ್ಸಿಗೆ ಹೋದ ಫೇಬಿಯನ್ ವೇರ್ ಎಂಬಾತ, ಸತ್ತವರನ್ನು ಎಲ್ಲಿ ಹೂಳಿದರು ಎಂಬ ಲೆಕ್ಕವನ್ನು ಯಾರೂ ಇಡುತ್ತಿಲ್ಲ ಎಂಬುದನ್ನು ಕಂಡು ತಾನೇ ಬರೆದಿಡತೊಡಗಿದ. ಆ ಕೆಲಸ ಬೆಳೆದು 1917ರ ಮೇ 21ರಂದು ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಆಯೋಗವಾಯಿತು. ಇಂದಿನ ಕಾಮನ್‌ವೆಲ್ತ್ ಸಮಾಧಿ ಆಯೋಗ ಅದೇ. ಹೆಣಗಳನ್ನು ಊರಿಗೆ ಒಯ್ಯುವಂತಿಲ್ಲ. ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲು. ದರ್ಜೆ, ಜನಾಂಗ, ಧರ್ಮದ ಭೇದವಿಲ್ಲ. ಇದು ಆಯೋಗ ತಳೆದ ನಿಲುವು. ಸ್ಮಶಾನಗಳ ರೂಪ ಹೇಗಿರಬೇಕೆಂದು ಬ್ರಿಟಿಷ್ ಮ್ಯೂಸಿಯಮ್ಮಿನ ನಿರ್ದೇಶಕ ಫ್ರೆಡರಿಕ್ ಕೆನ್ಯನ್ 1918ರಲ್ಲಿ ವರದಿ ಕೊಟ್ಟರು. ಗೋರಿಗೊಂದು ಶಿಲುಬೆ ಬೇಡ, ಚಪ್ಪಟೆಯ ಕಲ್ಲು ನಿಲ್ಲಿಸೋಣ ಎಂದರು. ಶಿಲುಬೆಯ ತೋಳುಗಳ ಮೇಲೆ ಹೆಸರು, ಪಡೆ, ದಿನಾಂಕ ಕೆತ್ತಲು ಜಾಗವಿಲ್ಲ ಎಂಬುದೂ ಒಂದು ಕಾರಣ.

ಆ ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎತ್ತರ ಎರಡು ಅಡಿ ಎಂಟು ಅಂಗುಲ, ಅಗಲ ಒಂದೂಕಾಲು ಅಡಿ, ತಲೆ ತುಸು ಬಾಗಿದೆ. ಮೇಲೆ ರೆಜಿಮೆಂಟಿನ ಲಾಂಛನ. ಅದರ ಕೆಳಗೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಸತ್ತ ದಿನ. ನಡುವೆ ಅವನ ಧರ್ಮದ ಚಿಹ್ನೆ. ಮನೆಯವರು ಬೇಡ ಎಂದರೆ ಆ ಜಾಗ ಖಾಲಿ. ಬುಡದಲ್ಲಿ ಕುಟುಂಬದವರು ಆರಿಸಿದ ಒಂದು ಮಾತು. ಅದು 66 ಅಕ್ಷರ ಮೀರುವಂತಿಲ್ಲ, ಅಕ್ಷರಕ್ಕೆ ಮೂರೂವರೆ ಪೆನ್ಸ್. ಕ್ರೈಸ್ತನಾದರೆ ಶಿಲುಬೆ, ಯಹೂದಿಯಾದರೆ ನಕ್ಷತ್ರ. ಮುಸ್ಲಿಂ ಸಿಪಾಯಿಯ ಕಲ್ಲಿನ ಮೇಲೆ ಅರಬಿ ಬರಹ, ಸಿಖ್ಖನಿಗೆ ಗುರುಮುಖಿ, ಹಿಂದೂವಿಗೆ ದೇವನಾಗರಿ. ಧರ್ಮ ಇಲ್ಲಿ ಸತ್ತವನಿಗೆ ಸೇರಿದ್ದು. ಸರ್ಕಾರ ಕಲ್ಲು ಕೊಟ್ಟಿತು, ಚಿಹ್ನೆಯನ್ನು ಅವನ ಪಾಲಿಗೆ ಬಿಟ್ಟಿತು.

ನಮ್ಮ ವೀರಗಲ್ಲುಗಳನ್ನು ನೋಡಿದವರಿಗೆ ಈ ಏರ್ಪಾಟು ಅಪರಿಚಿತವೆನಿಸದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಅವನು ನಂಬಿದ ದೈವ. ಶೈವನಾದರೆ ಲಿಂಗ, ಜೈನನಾದರೆ ಜಿನ. ತುರು ಕಾಯಲು ಹೋಗಿ ಸತ್ತವನ ಕಲ್ಲನ್ನು ಊರು ನಿಲ್ಲಿಸಿದಾಗ ಮೇಲಿನ ಪಟ್ಟಿಕೆ ಅವನದ್ದಾಗಿರುತ್ತಿತ್ತು.

ಬ್ರಿಟನ್ನಿನ ಜನ ಮಾತ್ರ ಈ ಏರ್ಪಾಟನ್ನು ಸುಲಭವಾಗಿ ಒಪ್ಪಲಿಲ್ಲ. ಲೇಡಿ ಫ್ಲಾರೆನ್ಸ್ ಸೆಸಿಲ್ ಎಂಬ ತಾಯಿ ಎಂಟು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿಯನ್ನು 1919ರಲ್ಲಿ ಯುವರಾಜನಿಗೆ ಸಲ್ಲಿಸಿದರು. ನಮ್ಮ ಮಕ್ಕಳ ಗೋರಿಗೆ ಶಿಲುಬೆಯನ್ನೇ ನಿಲ್ಲಿಸಲು ಬಿಡಿ ಎಂಬುದು ಅದರ ಸಾರ. ಅವರು ಯುದ್ಧದಲ್ಲಿ ಮೂವರು ಗಂಡುಮಕ್ಕಳನ್ನು ಕಳೆದುಕೊಂಡಿದ್ದರು. ಅಂಥ ತಾಯಿಯ ಎದುರು ನಿಂತು ಸಮಾನತೆಯ ತತ್ವ ಹೇಳುವ ಧೈರ್ಯ ಯಾರಿಗಿದೆ? 1920ರ ಮೇ 4ರಂದು ಕಾಮನ್ಸ್ ಸಭೆಯಲ್ಲಿ ಈ ಬಗ್ಗೆ ದೀರ್ಘ ಚರ್ಚೆಯಾಯಿತು. ಆಯೋಗದ ಪರವಾಗಿ ಮಾತಾಡಿದ ಬರ್ಡೆಟ್-ಕೌಟ್ಸ್ ಎಂಬ ಸದಸ್ಯರು ರಡ್ಯಾರ್ಡ್ ಕಿಪ್ಲಿಂಗ್ ಬರೆದ ಪತ್ರವೊಂದನ್ನು ಓದಿದರು. ಕಿಪ್ಲಿಂಗನ ಒಬ್ಬನೇ ಮಗ 1915ರಲ್ಲಿ ಲೂಸ್ ಕದನದಲ್ಲಿ ಕಾಣೆಯಾಗಿದ್ದ, ಹೆಣ ಸಿಕ್ಕಿರಲಿಲ್ಲ. ನಮಗೆ ಹೋಗಿ ನಿಲ್ಲಲು ಗೋರಿಯೇ ಇಲ್ಲ, ಗೊತ್ತಿರುವ ಒಂದು ಜಾಗದಲ್ಲಿ ಕಲ್ಲಿನ ಮೇಲೆ ಮಗನ ಹೆಸರಿರುವವರು ತಾವೆಷ್ಟು ಪುಣ್ಯವಂತರು ಎಂದು ತಿಳಿಯಬೇಕು ಎಂಬ ಭಾವ ಆ ಪತ್ರದ್ದು. ಆಯೋಗದ ನಿಲುವೇ ಉಳಿಯಿತು.

ಕಿಪ್ಲಿಂಗನ ಸಾಮ್ರಾಜ್ಯಪ್ರೇಮ ನಮಗೆ ಗೊತ್ತಿದ್ದದ್ದೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈ ಪತ್ರದಲ್ಲಿ ಆತ ಇಡೀ ವಾದದ ಮರ್ಮಕ್ಕೆ ಕೈಹಾಕಿದ್ದಾನೆ. ಶಿಲುಬೆಯೋ ಚಪ್ಪಟೆ ಕಲ್ಲೋ ಎಂಬುದಕ್ಕಿಂತ ಮೊದಲು, ಅಲ್ಲಿ ಹೆಸರು ಇದೆಯೇ?

ಗೋರಿಗಳ ಮಾತು ಹೀಗೆ ಬಗೆಹರಿಯಿತು. ಸ್ಮಶಾನದ ನಡುವೆ, ಎಲ್ಲರ ಪರವಾಗಿ ಏನಿಡಬೇಕು? ವಾಸ್ತುಶಿಲ್ಪಿಗಳಲ್ಲೇ ಒಡಕಿತ್ತು. ಹೊಸದೆಹಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್ ಶಿಲುಬೆ ಬೇಡ, ಯಾವ ಧರ್ಮದವನೂ ಮುಂದೆ ನಿಲ್ಲಬಹುದಾದ ಒಂದು ದೊಡ್ಡ ಕಲ್ಲು ಸಾಕು ಎಂದ. ಹರ್ಬರ್ಟ್ ಬೇಕರ್ ಶಿಲುಬೆಯ ಪರ. ಕೆನ್ಯನ್ ಎರಡನ್ನೂ ಒಪ್ಪಿದರು. ಲುಟ್ಯೆನ್ಸನ ಹನ್ನೆರಡು ಅಡಿ ಉದ್ದದ ಸ್ಮರಣಶಿಲೆಯೂ ಬಂತು, ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ರೂಪಿಸಿದ, ಕಂಚಿನ ಕತ್ತಿಯನ್ನು ತಲೆಕೆಳಗಾಗಿ ಮೈಗಂಟಿಸಿಕೊಂಡ ಕಲ್ಲಿನ ಶಿಲುಬೆಯೂ ಬಂತು. ಲಂಡನ್ನಿನ ವೈಟ್‌ಹಾಲ್ ಬೀದಿಯಲ್ಲಿ ಮಾತ್ರ ಲುಟ್ಯೆನ್ಸ್ ಗೆದ್ದ. 1920ರ ನವೆಂಬರ್ 11ರಂದು ಅನಾವರಣಗೊಂಡ ಸೆನೊಟಾಫ್ ಎಂಬ ಯುದ್ಧಸ್ಮಾರಕದ ಮೇಲೆ ಶಿಲುಬೆಯಿಲ್ಲ, ದೇವರ ಹೆಸರಿಲ್ಲ. ಆಗ ಕೆಲವರು ಗೊಣಗಿದರು. ಆದರೂ ಪ್ರತಿ ವರ್ಷ ಆ ದೇಶ ತನ್ನ ಸತ್ತವರಿಗೆ ತಲೆಬಾಗುವುದು ಆ ಖಾಲಿ ಕಲ್ಲಿನ ಎದುರಿಗೇ.

ಇನ್ನು ನಮ್ಮವರ ಕಥೆ. 1915ರ ಮಾರ್ಚ್ 10ರಿಂದ 13ರವರೆಗೆ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ನಡೆದ ಕದನದಲ್ಲಿ ಭಾರತೀಯ ಪಡೆಗಳು ಮುಂಚೂಣಿಯಲ್ಲಿದ್ದವು. ಅಲ್ಲಿನ ಸ್ಮಾರಕವನ್ನು ರೂಪಿಸಿದವನು ಶಿಲುಬೆಯ ಪರವಾಗಿದ್ದ ಅದೇ ಬೇಕರ್. ಇಲ್ಲಿ ಆತ ಶಿಲುಬೆ ಇಡಲಿಲ್ಲ. ಸಾಂಚಿಯ ಕಟಾಂಜನವನ್ನು ನೆನಪಿಸುವ ದುಂಡನೆಯ ಆವರಣ, ಸುಮಾರು 15 ಮೀಟರ್ ಎತ್ತರದ ಕಂಬ, ಅದರ ತುದಿಗೆ ಕಮಲ, ಮೇಲೆ ಬ್ರಿಟಿಷ್ ಕಿರೀಟ, ಬುಡದಲ್ಲಿ ಎರಡು ಹುಲಿಗಳು. ದೇವರು ಒಬ್ಬನೇ, ಜಯ ಅವನದು ಎಂಬ ಅರ್ಥದ ಮಾತನ್ನು ಇಂಗ್ಲಿಷ್, ಅರಬಿ, ಹಿಂದಿ, ಗುರುಮುಖಿಗಳಲ್ಲಿ ಕೆತ್ತಿದ್ದಾರೆ. ಒಳಗೋಡೆಯ ಮೇಲೆ ಗೋರಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. 1927ರ ಅಕ್ಟೋಬರ್ 7ರಂದು ಅದು ಅನಾವರಣಗೊಂಡಿತು. ಮೂರು ಮತಗಳವರಿಗೂ ಒಪ್ಪುವ ಒಂದು ಮಾತು ಹುಡುಕಲು ಪಟ್ಟ ಶ್ರಮವನ್ನು ನಾನು ಗೌರವಿಸುತ್ತೇನೆ, ಕಿರೀಟವನ್ನು ಕಮಲದ ಮೇಲೆ ಕೂರಿಸಿದ್ದನ್ನು ಕಂಡೂ ಗೌರವಿಸುತ್ತೇನೆ. ಏಕೆಂದರೆ ಅಲ್ಲಿ ಹೆಸರುಗಳಿವೆ.

ಇಂಗ್ಲೆಂಡಿನ ಬ್ರೈಟನ್ ಊರಿಗೆ ಬನ್ನಿ. ಅಲ್ಲಿನ ರಾಜಮಹಲು ಆಗ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ತೀರಿಕೊಂಡ ಹಿಂದೂಗಳನ್ನೂ ಸಿಖ್ಖರನ್ನೂ ಊರಾಚೆಯ ಗುಡ್ಡದ ಮೇಲೆ ಅವರವರ ವಿಧಿಯಂತೆ ದಹಿಸಿದರು, ಒಟ್ಟು 53 ಮಂದಿಯನ್ನು. ಚಿತೆ ಉರಿದ ಜಾಗದಲ್ಲಿ, ಮುಂಬಯಿಯ ಇ. ಸಿ. ಹೆನ್ರಿಕ್ಸ್ ರೂಪಿಸಿದ ಬಿಳಿಯ ಛತ್ರಿಯನ್ನು 1921ರ ಫೆಬ್ರವರಿ 1ರಂದು ಯುವರಾಜ ಅನಾವರಣ ಮಾಡಿದ. ಧರ್ಮಕ್ಕೆ ಇಷ್ಟು ಜತನದಿಂದ ಗೌರವ ಕೊಟ್ಟ ಸ್ಮಾರಕ ಯುರೋಪಿನಲ್ಲಿ ಅಪರೂಪ. ಆದರೆ ಅದರ ಮೇಲೆ 53 ಮಂದಿಯಲ್ಲಿ ಒಬ್ಬನ ಹೆಸರೂ ಇರಲಿಲ್ಲ. ಆ ಹೆಸರುಗಳನ್ನು ಕೆತ್ತಿದ ಕಲ್ಲು ಪಕ್ಕದಲ್ಲಿ ಬಂದದ್ದು 2010ರಲ್ಲಿ.

ಬಸ್ರಾದ ಸಂಗತಿ ಇದಕ್ಕಿಂತ ಕಠಿಣ. ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಗೋರಿಯಿಲ್ಲದೆ ಸತ್ತ 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ ಆಯೋಗ 1929ರಲ್ಲಿ ಸ್ಮಾರಕ ಕಟ್ಟಿತು. ಅವರಲ್ಲಿ ಬಹುಪಾಲು ಭಾರತೀಯರು. ಬ್ರಿಟಿಷ್ ಸೈನಿಕನ ಹೆಸರನ್ನು ಕೆತ್ತಿದರು, ಭಾರತೀಯ ಪಡೆಗಳ ಅಧಿಕಾರಿಯ ಹೆಸರನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗೆ ಸಿಕ್ಕಿದ್ದು ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಅಂಕೆ, ಇನ್ನಿಷ್ಟು ಜನ ಭಾರತೀಯ ಸೈನಿಕರು ಎಂದು. ಫ್ರಾನ್ಸಿನಲ್ಲಿ, ಯುರೋಪಿನ ಕಣ್ಣೆದುರು, ಪ್ರತಿ ಸಿಪಾಯಿಯ ಹೆಸರು ಕೆತ್ತಿದ ಅದೇ ಆಯೋಗಕ್ಕೆ ಬಸ್ರಾದಲ್ಲಿ ಕಲ್ಲು ಸಾಲಲಿಲ್ಲವೇ? ಆ ಹೆಸರುಗಳು ಕಳೆದುಹೋಗಿರಲಿಲ್ಲ, ದಾಖಲೆ ಪುಸ್ತಕಗಳಲ್ಲಿದ್ದವು.

ಆಫ್ರಿಕಾದಲ್ಲಿ ಅಂಕೆಯನ್ನೂ ಬರೆಯದ ಕಡೆಗಳಿವೆ. 2021ರ ಏಪ್ರಿಲಿನಲ್ಲಿ ಆಯೋಗ ತಾನೇ ನೇಮಿಸಿದ ಸಮಿತಿಯ ವರದಿಯನ್ನು ಪ್ರಕಟಿಸಿತು. ಮೊದಲನೆಯ ಮಹಾಯುದ್ಧದ ಮೃತರಲ್ಲಿ 45,000ದಿಂದ 54,000 ಮಂದಿ ಏಷ್ಯನ್ನರು ಮತ್ತು ಆಫ್ರಿಕನ್ನರನ್ನು ಇತರರಿಗೆ ಸಮನಾಗಿ ನೆನೆಯಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿಯನ್ನು, ಪ್ರಾಯಶಃ 3,50,000ದಷ್ಟು ಮಂದಿಯನ್ನು, ಹೆಸರಿನಿಂದ ನೆನೆಯಲೇ ಇಲ್ಲ ಎಂದು ಆ ವರದಿ ಹೇಳಿತು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಲದ ಅಧಿಕಾರಿಗಳು ಕೊಟ್ಟ ಕಾರಣ. ಇಲ್ಲಿಯ ಜನಕ್ಕೆ ಗೋರಿಯ ಕಲ್ಲು ಅರ್ಥವಾಗದು ಎಂಬ ಅಭಿಪ್ರಾಯವನ್ನು ಗೋಲ್ಡ್ ಕೋಸ್ಟಿನ, ಅಂದರೆ ಇಂದಿನ ಘಾನಾದ, ಗವರ್ನರ್ ಗಗಿಸ್‌ಬರ್ಗ್ 1923ರಲ್ಲಿ ಕೊಟ್ಟಿದ್ದ. ಅವರ ಪದ್ಧತಿಯೇ ಬೇರೆ, ಅವರ ನಂಬಿಕೆಯೇ ಬೇರೆ, ಆದ್ದರಿಂದ ಒಬ್ಬೊಬ್ಬರಿಗೂ ಕಲ್ಲು ಬೇಕಿಲ್ಲ. ಎಷ್ಟು ಸಭ್ಯವಾದ ಮಾತು! ಧರ್ಮವನ್ನು, ಆಚಾರವನ್ನು ಗೌರವಿಸುವ ಭಾಷೆಯಲ್ಲೇ ಮನುಷ್ಯನ ಹೆಸರನ್ನು ಅಳಿಸಿದರು. ಹಿಂದೂವನ್ನು ಸುಡುತ್ತಾರೆ, ಅವನಿಗೆ ಗೋರಿ ಬೇಡ ಎಂಬುದು ನಿಜವೇ ಇರಬಹುದು. ಅವನಿಗೆ ಹೆಸರೂ ಬೇಡ ಎಂದು ಅವನ ತಾಯಿಯನ್ನು ಕೇಳಿದ್ದರೇ?

ಹೀಗೆಯೇ ಆಗಬೇಕಿರಲಿಲ್ಲ ಎಂಬುದಕ್ಕೆ ನಾಗಾಲ್ಯಾಂಡಿನ ಕೊಹಿಮಾ ಸಾಕ್ಷಿ. ಎರಡನೆಯ ಮಹಾಯುದ್ಧದಲ್ಲಿ, 1944ರ ಕದನ ನಡೆದ ಗುಡ್ಡದ ಮೇಲಿನ ಆ ಸ್ಮಶಾನದಲ್ಲಿ 1,420 ಗೋರಿಗಳಿವೆ, ಬ್ಲೂಮ್‌ಫೀಲ್ಡನ ಶಿಲುಬೆಯೂ ಇದೆ. ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರಿಗೆ ಗೋರಿಯಿಲ್ಲ. ಅವರಿಗಾಗಿಯೇ ಪ್ರತ್ಯೇಕ ಸ್ಮಾರಕ ಕಟ್ಟಿ ಹೆಸರುಗಳನ್ನು ಕೆತ್ತಿದ್ದಾರೆ. ಕ್ರೈಸ್ತನ ಶಿಲುಬೆ ಅಲ್ಲಿ ನನಗೆ ಭಾರವೆನಿಸುವುದಿಲ್ಲ.

ನಮ್ಮ ಬೆಂಗಳೂರಿನ ಮುನಿರೆಡ್ಡಿಪಾಳ್ಯದ ಬಳಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕಸ್ತಂಭವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದವರೊಡನೆ ಸೇರಿ ಗೆದ್ದ ಕುದುರೆಪಡೆ ಅದು. ಅರಸು ಮನೆತನದವರೂ ಮುಸಲ್ಮಾನರೂ ಒಂದೇ ಪಡೆಯಲ್ಲಿ ಹೋಗಿ, ಮುಸಲ್ಮಾನ ಸುಲ್ತಾನನ ಸೈನ್ಯದ ವಿರುದ್ಧ, ಕ್ರೈಸ್ತ ದೊರೆಯ ಪರವಾಗಿ, ಯಹೂದಿಗಳೂ ಅರಬರೂ ಬಾಳುವ ನೆಲದಲ್ಲಿ ಹೋರಾಡಿದರು. ಅವರ ಪಾಲಿಗೆ ಒಂದೇ ಒಂದು ಧರ್ಮದ ಚಿಹ್ನೆ ಹುಡುಕಲು ಹೊರಟರೆ ಯಾವುದನ್ನು ಹುಡುಕುತ್ತೀರಿ? ಆ ಸ್ತಂಭದ ಮುಂದೆ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಜನ ಅಲ್ಲಿ ನಿಂತು ಓದಿದ್ದೇವೆ?

ಚಿಹ್ನೆಯಿಂದಲೇ ನೋವಾಗುವ ಜಾಗಗಳೂ ಇವೆ, ಅವನ್ನು ಹಗುರಮಾಡಲಾರೆ. ಪೋಲೆಂಡಿನ ಆಶ್ವಿಟ್ಸ್ ಶಿಬಿರದಲ್ಲಿ ಕೊಲೆಯಾದ ಸುಮಾರು 11 ಲಕ್ಷ ಜನರಲ್ಲಿ 10 ಲಕ್ಷದಷ್ಟು ಮಂದಿ ಯಹೂದಿಗಳು. ಶಿಬಿರದ ಗೋಡೆಗೆ ಹೊಂದಿಕೊಂಡ ಜಲ್ಲಿಗುಂಡಿಯಲ್ಲಿ 1988ರಲ್ಲಿ ಎಂಟು ಮೀಟರ್ ಎತ್ತರದ ಶಿಲುಬೆ ನಿಂತಿತು. ಪೋಪ್ ಎರಡನೆಯ ಜಾನ್ ಪಾಲ್ 1979ರಲ್ಲಿ ನಡೆಸಿದ ಪೂಜೆಯ ಶಿಲುಬೆ ಅದು. ಆ ಗುಂಡಿಯಲ್ಲಿ ಪೋಲಿಷ್ ಕೈದಿಗಳನ್ನು ಗುಂಡಿಟ್ಟು ಕೊಂದದ್ದೂ ನಿಜ, ಅವರ ದುಃಖ ಸುಳ್ಳಲ್ಲ. ಶಿಲುಬೆಯನ್ನು ತೆಗೆಯಬೇಕೆಂಬ ಮಾತು ಬಂದೊಡನೆ 1998ರಲ್ಲಿ ಅದರ ಸುತ್ತ ನೂರಾರು ಸಣ್ಣ ಶಿಲುಬೆಗಳನ್ನು ತಂದು ನೆಟ್ಟರು. ಮೊದಲನೆಯದು ಶೋಕದ ಗುರುತಾಗಿದ್ದೀತು. ಈ ನೂರಾರು ಶಿಲುಬೆಗಳನ್ನು ನೆಟ್ಟದ್ದು ಬದುಕಿರುವವರೊಡನೆ ಜಗಳಕ್ಕೆ. 1999ರಲ್ಲಿ ಕಾನೂನು ತಂದು ಅವನ್ನು ತೆಗೆಸಿದರು, ಪೋಪರ ಶಿಲುಬೆ ಉಳಿಯಿತು. ಸತ್ತವರ ನೆಲದಲ್ಲಿ ಚಿಹ್ನೆಯನ್ನು ಗಡಿಕಲ್ಲಿನಂತೆ ನೆಡುವುದನ್ನು ಯಾವ ಧರ್ಮದವರು ಮಾಡಿದರೂ ಸರ್ಕಾರ ತಡೆಯಬೇಕು.

ಒಬ್ಬ ಸೈನಿಕನ ಹೆಂಡತಿಯ ಹೋರಾಟವನ್ನೂ ಹೇಳಬೇಕು. ಅಮೆರಿಕದ ನೆವಾಡಾ ರಾಜ್ಯದ ಸೈನಿಕನೊಬ್ಬ 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ. ಆತ ವಿಕ್ಕಾ ಎಂಬ ಸಣ್ಣ ಪಂಥದವನು. ಅದರ ಗುರುತು ವೃತ್ತದೊಳಗಿನ ಐದು ಮೊನೆಯ ನಕ್ಷತ್ರ. ಸರ್ಕಾರ ಒಪ್ಪಿದ ಚಿಹ್ನೆಗಳ ಪಟ್ಟಿಯಲ್ಲಿ ಅದು ಇಲ್ಲವೆಂದು ಸ್ಮರಣಫಲಕದ ಮೇಲೆ ಹಾಕಲು ಇಲಾಖೆ ಬಿಡಲಿಲ್ಲ. ಆಕೆ ಸೋಲಲಿಲ್ಲ. ಮೊಕದ್ದಮೆ ನಡೆದು, 2007ರಲ್ಲಿ ಸರ್ಕಾರ ಅದನ್ನು ಪಟ್ಟಿಗೆ ಸೇರಿಸಿತು. ಬ್ಲೇಡನ್ಸ್‌ಬರ್ಗಿನ ನಲವತ್ತು ಅಡಿಗಿಂತ ಅಂಗೈಯಗಲದ ಆ ನಕ್ಷತ್ರದಲ್ಲಿ ನನಗೆ ಧರ್ಮಸ್ವಾತಂತ್ರ್ಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ತೆರೆದಾಗ ಅದರ ಗ್ರಾನೈಟ್ ಗೋಡೆಗಳ ಮೇಲೆ 25,942 ಹೆಸರುಗಳಿದ್ದವು. ಧರ್ಮದ ಗುರುತಿಲ್ಲ, ಹೆಸರು, ದರ್ಜೆ, ಪಡೆ ಇವೆ. ಇಂಡಿಯಾ ಗೇಟಿನ ಮೇಲೂ ಹೆಸರುಗಳಿವೆ, ಆದರೆ ಹದಿಮೂರು ಸಾವಿರ ಚಿಲ್ಲರೆ ಮಾತ್ರ. ಮೊದಲನೆಯ ಮಹಾಯುದ್ಧದಲ್ಲೇ ಸತ್ತ ಭಾರತೀಯರು 74,000ಕ್ಕೂ ಹೆಚ್ಚು. ಅವರಿಗಾಗಿ ಪೂರ್ಣ ಪಟ್ಟಿಯ ಒಂದು ಗೋಡೆಯನ್ನು ಕೇಳುವ ಹಕ್ಕು ನಮಗಿದೆ, ಬಸ್ರಾದ ಅಂಕೆಗಳ ಜಾಗದಲ್ಲಿ ಹೆಸರುಗಳನ್ನು ಕೆತ್ತಿ ಎಂದು ಆಯೋಗವನ್ನು ಒತ್ತಾಯಿಸುವ ಹಕ್ಕೂ ಇದೆ. ಇರಾಕಿನ ಸ್ಥಿತಿಯಲ್ಲಿ ಅದು ಸುಲಭವಲ್ಲ. 1997ರಲ್ಲಿ ಸದ್ದಾಂ ಹುಸೇನನ ಆಡಳಿತ ಆ ಸ್ಮಾರಕವನ್ನು ಕಲ್ಲುಕಲ್ಲಾಗಿ ಬಿಚ್ಚಿಸಿ ಊರಾಚೆಯ ಮರುಭೂಮಿಯಲ್ಲಿ ಮತ್ತೆ ಕಟ್ಟಿಸಿತು. ಸ್ಮಾರಕವನ್ನೇ ಕದಲಿಸಲು ಸಾಧ್ಯವಾಗಿದ್ದರೆ ಅದರ ಮೇಲೆ ಹೆಸರು ಕೆತ್ತಲು ಸಾಧ್ಯವಿಲ್ಲವೆಂದು ನಾನು ನಂಬುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಆ ಕೆಲಸ ಶುರುವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಕೋವಿ ಹಿಡಿಯದೆ, ಸಾಮಾನು ಹೊತ್ತು, ಗಾಡಿ ಹೊಡೆದು ಸತ್ತ, ಬಹುಪಾಲು ಕರಿಯರೇ ಇದ್ದ 1,772 ಮಂದಿಗೆ 2025ರ ಜನವರಿಯಲ್ಲಿ ಕೇಪ್ ಟೌನಿನ ಕಂಪನೀಸ್ ಗಾರ್ಡನ್ ಉದ್ಯಾನದಲ್ಲಿ ಆಯೋಗ ಸ್ಮಾರಕ ತೆರೆಯಿತು. ಆಫ್ರಿಕಾದ ಇರೊಕೊ ಮರದ ಕಂಬಗಳು ಸಾಲಾಗಿ ನಿಂತಿವೆ, ಒಬ್ಬನಿಗೆ ಒಂದು ಕಂಬ. ಪ್ರತಿಯೊಂದರ ಮೇಲೂ ಅವನ ಹೆಸರು ಮತ್ತು ಸತ್ತ ದಿನವನ್ನು ಕೆತ್ತಿದ್ದಾರೆ. ಬಸ್ರಾದ ಸಿಪಾಯಿಗಳಿಗೆ ಇದೇ ಆಗಬೇಕು ಎಂದು ಆಯೋಗಕ್ಕೂ ನಮ್ಮ ಕೇಂದ್ರ ಸರ್ಕಾರಕ್ಕೂ ಈ ಸಭೆಯ ಪರವಾಗಿ ಒಂದು ಮನವಿ ಬರೆದು ತಂದಿದ್ದೇನೆ. ಒಪ್ಪುವವರು ಹೊರಡುವ ಮುನ್ನ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.